ಹೆದೆ ಮುಂಗೈಗಲ್ಲ, ಸೀದಾ ಮಣಿಕಟ್ಟಿಗೇ ಬಡಿಯುತ್ತಿದೆ. ಏನು ಮಾಡಲಿ?

ಸಿರುಗುಪ್ಪದವ:

ಎಲ್ಲರಿಗೂ ನಮಸ್ಕಾರ. ಭತ್ತ ಕೊಯ್ದಾದ ಮೇಲೆ ಗದ್ದೆ ಖಾಲಿ ಇರುತ್ತಲ್ವಾ, ಅಲ್ಲಿ ಹುಲ್ಲಿನ ಕಟ್ಟು ನಿಲ್ಲಿಸಿಕೊಂಡು ಸಂಜೆ ಹೊತ್ತು ಬಾಣ ಬಿಡುತ್ತೇನೆ. ನನ್ನದು 68 ಇಂಚಿನ ಮರದ ಲಾಂಗ್‌ಬೋ (ಉದ್ದನೆಯ ಸಾದಾ ಬಿಲ್ಲು), ಎಳೆಯೋಕೆ 35 ಪೌಂಡ್ ಬಲ ಬೇಕು. ಗುರಿ ನೋಡೋಕೆ ಸೈಟ್ ಇಲ್ಲ, ಏನಿಲ್ಲ. ಬಲಗೈಯಲ್ಲಿ ಎಳೆಯುವವನು.

ಈಚೆಗೆ ಹೊಸ ಹೆದೆ ಹಾಕಿದೆ. ಅಲ್ಲಿಂದ ಶುರುವಾಯಿತು ತೊಂದರೆ. ಬಾಣ ಬಿಟ್ಟ ಕೂಡಲೇ ಹೆದೆ ಬಂದು ಎಡಗೈ ಮಣಿಕಟ್ಟಿಗೆ ಬಡಿಯುತ್ತೆ. ವಾಚ್ ಕಟ್ಟುವ ಜಾಗ, ಒಳಬದಿ, ಹೆಬ್ಬೆರಳಿನ ಬುಡದ ಹತ್ತಿರ. ಮುಂಗೈಗೆ ಆರ್ಮ್‌ಗಾರ್ಡ್ ಇದೆ, ಅದರ ಮೇಲೆ ಒಂದು ಗೀರೂ ಬಿದ್ದಿಲ್ಲ. ದೊಡ್ಡ ಗಾರ್ಡ್ ತಗೊಂಡರೆ ಸರಿ ಹೋಗುತ್ತಾ? ಕೇಳಿದವರೆಲ್ಲ ‘ಮೊಣಕೈ ತಿರುಗಿಸು’ ಅಂತಾರೆ. ತಿರುಗಿಸಿದ್ದೇನೆ, ಆದರೂ ಬಡಿಯುತ್ತೆ.

ಒಂಟಿಬಾಣ:

ಮೊಣಕೈ ಸರಿಯಾಗಿ ತಿರುಗಿಲ್ಲ ಅಷ್ಟೇ. ದಪ್ಪ ಚರ್ಮದ ಗಾರ್ಡ್ ಹಾಕಿ, ಬಿಡುತ್ತಾ ಹೋಗಿ. ಕೈ ತಾನೇ ಕಲಿಯುತ್ತೆ.

ಕೌಲ್ ಬಜಾರ್ ಕತ್ತರಿ:

ಒಂಟಿಬಾಣ ಅವರೇ, ಬೇಜಾರು ಮಾಡ್ಕೋಬೇಡಿ, ಇದು ಮೊಣಕೈ ಕೇಸ್ ಅಲ್ಲ. ಹೆದೆ ಎಲ್ಲಿ ಬಡಿಯುತ್ತೆ ಅನ್ನೋದನ್ನು ಮೊದಲು ನೋಡಬೇಕು. ಮೊಣಕೈ ಹತ್ತಿರ ಅಥವಾ ಮುಂಗೈ ನಡುವೆ ಬಡಿದರೆ ಮೊಣಕೈ, ಭುಜ, ನಿಲುವು ನೋಡಿ. ಮಣಿಕಟ್ಟಿಗೆ ಬಡಿದರೆ ಮೊದಲು ಸ್ಕೇಲ್ ತಗೊಳ್ಳಿ. ಬಿಲ್ಲಿನ ಹಿಡಿಯಿಂದ ಹೆದೆವರೆಗೆ ಎಷ್ಟು ದೂರ ಇದೆ, ಅಳೆಯಿರಿ. ಬ್ರೇಸ್ ಹೈಟ್ ಅಂತಾರಲ್ಲ, ಅದೇ.

ಕಾರಣ ಸರಳ. ಬಾಣ ಬಿಟ್ಟಾಗ ಹೆದೆ ತನ್ನ ಜಾಗಕ್ಕೆ ಬಂದು ಟಕ್ಕಂತ ನಿಲ್ಲಲ್ಲ. ಉಯ್ಯಾಲೆ ನಡುವಿಗೆ ಬಂದು ನಿಲ್ಲದೆ ಆಚೆ ಹೋಗುತ್ತಲ್ವಾ, ಹಾಗೆ ಇದೂ ಸ್ವಲ್ಪ ಮುಂದೆ ಹೋಗಿ, ಅದುರಿ, ವಾಪಸ್ ಬರುತ್ತೆ. ಬ್ರೇಸ್ ಹೈಟ್ ಕಡಿಮೆ ಇದ್ದರೆ ಆ ‘ಸ್ವಲ್ಪ ಮುಂದೆ’ ಅನ್ನೋ ಜಾಗದಲ್ಲೇ ನಿಮ್ಮ ಮಣಿಕಟ್ಟು ಇರುತ್ತೆ. ಮೊಣಕೈ ಎಷ್ಟು ತಿರುಗಿಸಿದರೂ ಮಣಿಕಟ್ಟು ಎಲ್ಲಿಗೂ ಹೋಗಲ್ಲ.

ಹೊಸ ಹೆದೆ ಅಂದ್ರಲ್ಲ, ನನಗೆ ಅನುಮಾನ ಅದರ ಮೇಲೇ. ಮರದ ಬಿಲ್ಲಿಗೆ ಡೇಕ್ರಾನ್ ಅನ್ನೋ ಪಾಲಿಯೆಸ್ಟರ್ ನೂಲಿನ ಹೆದೆ ಹಾಕ್ತೀವಿ. ಅದು ಹೊಸದರಲ್ಲಿ ಹಿಗ್ಗುತ್ತೆ. ಹೆದೆ ಉದ್ದ ಆದಷ್ಟೂ ಅದು ಹಿಡಿಗೆ ಹತ್ತಿರ ಬರುತ್ತೆ. ಅಂಗಡಿಯಲ್ಲಿ ಸರಿ ಇದ್ದಿದ್ದು ಗದ್ದೆಯಲ್ಲಿ ಇಳಿದಿರುತ್ತೆ. ಹಿಗ್ಗಲ್ಲ ಅಂತ ಗಟ್ಟಿ ನೂಲಿನ ಆಧುನಿಕ ಹೆದೆ ಹಾಕೋಕೆ ಮಾತ್ರ ಹೋಗಬೇಡಿ. ತುದಿಗೆ ಬಲ ಕೊಟ್ಟಿರದ ಮರದ ಬಿಲ್ಲಾದರೆ ತುದಿಯೇ ಸೀಳಬಹುದು.

ಲಾಂಗ್‌ಬೋಗೆ ಸಾಮಾನ್ಯವಾಗಿ 6ರಿಂದ 7 ಇಂಚು ಇರಬೇಕು. ರಿಕರ್ವ್, ಅಂದ್ರೆ ತುದಿ ಮುಂದಕ್ಕೆ ಬಾಗಿದ ಬಿಲ್ಲು ಆದರೆ ಇನ್ನೂ ಜಾಸ್ತಿ, ಸುಮಾರು 7ರಿಂದ ಎಂಟೂವರೆ. ಬಿಲ್ಲು ಮಾಡಿದವರು ಅಳತೆ ಹೇಳಿದ್ದರೆ ಅದೇ ಕೊನೆ ಮಾತು. ಸ್ಕೇಲ್ ಇಲ್ವಾ? ಹಿಡಿಯ ಮೇಲೆ ಮುಷ್ಟಿ ಇಟ್ಟು ಹೆಬ್ಬೆರಳು ನೆಟ್ಟಗೆ ಚಾಚಿ, ಹೆಬ್ಬೆರಳ ತುದಿಗೆ ಹೆದೆ ತಾಗಬೇಕು. ಹಳಬರ ಲೆಕ್ಕ, ಅಂದಾಜಿಗೆ ಸಾಕು.

ಕಡಿಮೆ ಇದ್ದರೆ ಹೆದೆಗೆ ಹುರಿ ಹಾಕಿ. ಬಿಲ್ಲಿನಿಂದ ಹೆದೆ ಇಳಿಸಿ, ಒಂದು ಕಡೆ ಕುಣಿಕೆ ಬಿಚ್ಚಿ, ಮೊದಲೇ ಯಾವ ಕಡೆ ಹುರಿ ಇದೆಯೋ ಅದೇ ಕಡೆಗೆ ಕೆಲವು ಸುತ್ತು ಹಾಕಿ. ಉಲ್ಟಾ ಸುತ್ತಿದರೆ ಹೆದೆ ಇನ್ನೂ ಉದ್ದ ಆಗುತ್ತೆ. ಮತ್ತೆ ಏರಿಸಿ, ಅಳೆಯಿರಿ. ಒಂದೇ ಸಲಕ್ಕೆ ಜಾಸ್ತಿ ಬೇಡ. ಹುರಿ ಹಾಕೀ ಹಾಕೀ ಹೆದೆ ಗಂಟು ಗಂಟಾಗಿ ಸುರುಳಿ ಸುತ್ತೋಕೆ ಶುರುವಾದರೆ ನಿಮ್ಮ ಬಿಲ್ಲಿಗೆ ಆ ಹೆದೆಯೇ ಉದ್ದ ಅಂತ ಅರ್ಥ, ಗಿಡ್ಡದ್ದು ತರಿಸಿ. ಬೇಕಿದ್ದಕ್ಕಿಂತ ಜಾಸ್ತಿ ಏರಿಸೋದೂ ತಪ್ಪು. ಹೆದೆ ಬಾಣವನ್ನು ತಳ್ಳುವ ದೂರ ಕಡಿಮೆಯಾಗಿ ಬಾಣದ ವೇಗ ಹೋಗುತ್ತೆ, ಬಿಲ್ಲಿಗೂ ಸುಮ್ನೆ ಒತ್ತಡ. ಇನ್ನೊಂದು, ಪರೀಕ್ಷೆ ಮಾಡ್ತೀನಿ ಅಂತ ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ. ಬಿಲ್ಲು ಮುರಿಯಬಹುದು.

ಗಾರ್ಡ್ ವಿಷಯ. ಹೊಡೆತ ತಪ್ಪಿಸೋದು ಬ್ರೇಸ್ ಹೈಟ್, ಗಾರ್ಡ್ ಬರೀ ನೋವು ತಪ್ಪಿಸುತ್ತೆ. ಆದರೂ ಬೇಕು. ನಾನು ಜೀನ್ಸ್ ಕತ್ತರಿಸುವ ಕೆಲಸದವನು. ಬಳ್ಳಾರಿಯಲ್ಲಿ ಡೆನಿಮ್ ತುಂಡಿಗೇನು ಬರ? ಎರಡು ಪದರ ಡೆನಿಮ್, ನಡುವೆ ಹಳೇ ಎಕ್ಸ್‌ರೇ ಹಾಳೆಯ ಪಟ್ಟಿ, ಹಿಂದೆ ಎಲಾಸ್ಟಿಕ್. ಮಣಿಕಟ್ಟಿನ ಮಡಿಕೆವರೆಗೂ ಬರುವ ಹಾಗೆ ಉದ್ದ ಬಿಡಿ. ಹೆದೆ ಹಾಯುವ ಕಡೆ ಹೊಲಿಗೆ, ಗುಂಡಿ, ರಿವೆಟ್ ಯಾವುದೂ ಬರಬಾರದು. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಚರ್ಮದ ಗಾರ್ಡ್ ಒಳಗೆ ಕೈ ಬೇಯುತ್ತೆ. ಡೆನಿಮ್ ಬೆವರು ಹೀರುತ್ತೆ, ಒಗೆಯಬಹುದು. ಬಿಸಿಲು ಅಂತ ತುಂಬು ತೋಳಿನ ಸಡಿಲ ಅಂಗಿ ಹಾಕಿದರೆ ಆ ತೋಳನ್ನೂ ಗಾರ್ಡ್ ಒಳಗೆ ಸೇರಿಸಿ. ವಾಚು, ಕಡಗ, ಕೈಗೆ ಕಟ್ಟಿದ ದಾರ ಎಲ್ಲ ತೆಗೆಯಿರಿ.

ಅರ್ಜುನನಿಗೇ ಬಿಟ್ಟಿಲ್ಲ ಇದು, ನಿಮಗೆಲ್ಲಿ ಬಿಡುತ್ತೆ! ನಮ್ಮ ಕಡೆ ಮಳೆ ಬರಲಿ ಅಂತ ವಿರಾಟಪರ್ವ ಓದಿಸುತ್ತಾರಲ್ಲ, ಅದರ ಕಥೆಯಲ್ಲೇ ಇದೆ. ಬೃಹನ್ನಳೆ ಆಗಿ ಅಡಗಿಕೊಳ್ಳುವಾಗ ಹೆದೆ ಬಡಿದ ಕಲೆ ಗುರುತು ಕೊಟ್ಟುಬಿಡುತ್ತೆ ಅಂತ ಬಳೆ ತೊಟ್ಟು ಮುಚ್ಚಿಕೊಂಡ. ಎರಡೂ ಕೈಯಲ್ಲಿ ಬಿಲ್ಲು ಹಿಡಿಯುವವನು, ಎರಡು ಕೈಗೂ ಕಲೆ.

ಗಂಗಾವತಿ ಗುರಿ:

ಕತ್ತರಿಯವರು ಹೇಳಿದ್ದು ಸರಿ, ಆದರೆ ಹಿಡಿತದ ಬಗ್ಗೆ ಒಂದು ಮಾತೂ ಇಲ್ಲ. ಬ್ರೇಸ್ ಹೈಟ್ ಸರಿ ಮಾಡಿಯೂ ಬಡಿಸಿಕೊಳ್ಳುವವರು ಇದ್ದಾರೆ. ಬಿಲ್ಲನ್ನು ಕೊಡಲಿ ಕಾವು ಹಿಡಿದ ಹಾಗೆ ಐದೂ ಬೆರಳಲ್ಲಿ ಬಿಗಿಯಾಗಿ ಹಿಡಿಯುತ್ತಾರೆ. ಆಗ ಮಣಿಕಟ್ಟು ಒಳಕ್ಕೆ ತಿರುಗಿ ಹೆದೆಯ ದಾರಿಗೇ ಬರುತ್ತೆ. ಹಿಡಿ ಹೆಬ್ಬೆರಳಿನ ಬುಡದ ದಿಂಡಿನ ಮೇಲೆ ಕೂರಬೇಕು, ಅಂಗೈ ನಡುವೆ ಅಲ್ಲ. ಬೆರಳ ಗೆಣ್ಣುಗಳು ಓರೆಯಾಗಿ, ಹೆಚ್ಚುಕಡಿಮೆ 45 ಡಿಗ್ರಿ. ಉಳಿದ ಬೆರಳು ಸಡಿಲ.

ನಮ್ಮಂಥ ಹೆಂಗಸರಿಗೆ ಮತ್ತೆ ಮಕ್ಕಳಿಗೆ ಇನ್ನೊಂದು ತೊಂದರೆ ಜಾಸ್ತಿ. ಮೊಣಕೈ ನೆಟ್ಟಗಾಗೋದಷ್ಟೇ ಅಲ್ಲ, ಹಿಂದಕ್ಕೂ ಬಾಗುತ್ತೆ. ಅಂಥವರು ಪೂರ್ತಿ ಚಾಚದೆ ಒಂದು ಚೂರು ಮಡಚಿಯೇ ಇಟ್ಟುಕೊಳ್ಳಬೇಕು. ಮೊಣಕೈ ತಿರುಗಿಸೋದು ಕಲಿಯೋಕೆ ಬಾಗಿಲ ಚೌಕಟ್ಟು ಸಾಕು. ಅಂಗೈ ಒತ್ತಿ, ಅಂಗೈ ಅಲುಗದ ಹಾಗೆ ಮೊಣಕೈ ಮಾತ್ರ ಹೊರಕ್ಕೆ ತಿರುಗಿಸಿ. ಮೊಣಕೈ ಮಡಿಕೆ ನೆಟ್ಟಗೆ ನಿಂತರೆ ಆಯಿತು.

ಹೆಬ್ಬೆರಳು ಜೋಮು ಹಿಡಿದರೆ ಅಥವಾ ಊತ ಇಳಿಯದಿದ್ದರೆ ಬಿಲ್ಲು ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ. ಸುಮ್ನೆ ಕಂದಿದ್ದರೆ ತಣ್ಣೀರ ಬಟ್ಟೆ ಸಾಕು.

ಸಿರುಗುಪ್ಪದವ:

ಅಳೆದೆ. ಐದೇ ಇಂಚು ಇತ್ತು! ಹುರಿ ಹಾಕುತ್ತಾ ಹಾಕುತ್ತಾ ಆರೂಕಾಲಿಗೆ ಬಂದಿದೆ. ಮಣಿಕಟ್ಟಿಗೆ ಬಡಿಯೋದು ನಿಂತಿದೆ, ಬಾಣ ಹೋಗುವ ಸದ್ದೂ ಕಡಿಮೆಯಾಗಿದೆ. ಆದರೆ ಸಂಜೆ ಕೊನೆಕೊನೆಗೆ, ಕೈ ಸೋತಾಗ, ಮುಂಗೈ ನಡುವೆ ತಾಗುತ್ತೆ. ಈಗ ಮತ್ತೆ ಹುರಿ ಹಾಕಲಾ?

ಕೌಲ್ ಬಜಾರ್ ಕತ್ತರಿ:

ಬೇಡ, ಹೆದೆ ಮುಟ್ಟಬೇಡಿ. ಇದು ಸುಸ್ತು. ಭುಜ ಮೇಲೆದ್ದು ಮೊಣಕೈ ಒಳಗೆ ತಿರುಗುತ್ತಿದೆ. ಈಗ ಒಂಟಿಬಾಣ ಅವರ ಮೊಣಕೈ ಮಾತು ಸರಿ. ಎಡಗಾಲನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಎದೆ ಗುರಿ ಕಡೆ ಒಂದಿಷ್ಟು ತೆರೆಯಲಿ, ಹೆದೆಗೂ ಕೈಗೂ ಜಾಗ ಸಿಗುತ್ತೆ. ಆದರೂ ತಾಗಿದರೆ ಅವತ್ತಿಗೆ ನಿಲ್ಲಿಸಿ. ಹೆದೆ ಇನ್ನೂ ಹೊಸದು, ಇನ್ನಷ್ಟು ಹಿಗ್ಗುತ್ತೆ, ಬಿಲ್ಲು ಏರಿಸಿದಾಗೆಲ್ಲ ಒಮ್ಮೆ ಅಳೆದುಬಿಡಿ. ಗಾರ್ಡಿಗೆ ಡೆನಿಮ್ ತುಂಡು ಬೇಕಾದರೆ ಹೇಳಿ, ಸಿರುಗುಪ್ಪ ಬಸ್ಸಿಗೆ ಹಾಕಿ ಕಳಿಸ್ತೀನಿ.