ಮಗಳು ನರ್ಸಿಂಗ್ ಓದ್ತೀನಿ ಅಂದಾಗ: ಗದಗಿನಿಂದ ಒಂದು ಉದ್ದ ಉತ್ತರ

ಎಲ್ಲರಿಗೂ ನಮಸ್ಕಾರ. ಡಲ್ಲಾಸ್‌ನಿಂದ ಊರಿಗೆ ಬಂದು ಹತ್ತು ದಿನ ಆಯ್ತು. ಗದಗಿನಲ್ಲಿ ನಮ್ಮ ತವರುಮನೆ ಕಟ್ಟೆ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಗುಂಪಿನಲ್ಲಿ ಹೋದ ವಾರ ಎರಡು ಪ್ರಶ್ನೆ ಬಂದಿದ್ದವು. ಹೂಸ್ಟನ್‌ನ ಅಣ್ಣಾವ್ರು, ಹನ್ನೆರಡನೇ ಕ್ಲಾಸಿನ ಮಗಳು ನರ್ಸಿಂಗ್ ಮಾಡ್ತೀನಿ ಅಂತಾಳೆ, ಅವಳ ಮನಸ್ಸು ಬದಲಾಯಿಸೋದು ಹೇಗೆ ಅಂತ ಕೇಳಿದ್ದರು. ಹಾವೇರಿ ಕಡೆಯ ಅಕ್ಕಾವ್ರು, ತಂಗಿಯ ಮಗಳನ್ನು ಹುಬ್ಬಳ್ಳಿಯಲ್ಲಿ ಬಿಎಸ್ಸಿ ನರ್ಸಿಂಗ್‌ಗೆ ಹಾಕಿ ಆಮೇಲೆ ಹೊರಗೆ ಕರೆಸಬಹುದಾ ಅಂತ ಕೇಳಿದ್ದರು. ಎರಡೂ ನನ್ನ ಮನೆಯ ಪ್ರಶ್ನೆಗಳೇ. ನನ್ನ ಮಗಳಿಗೆ 17 ವರ್ಷ, ಅವಳೂ ನರ್ಸಿಂಗ್ ಅಂತಾಳೆ. ನಮ್ಮ ಅಣ್ಣನ ಮಗಳು ಈ ವರ್ಷ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಹೂಸ್ಟನ್ ಅಣ್ಣಾವ್ರಿಗೆ. ಮನಸ್ಸು ಬದಲಾಯಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ನೀವು ಏನು ಅಂದುಕೊಳ್ಳುತ್ತಿದ್ದೀರಿ ಅಂತ ಗೊತ್ತು. ಮೊನ್ನೆ ನಮ್ಮ ದೊಡ್ಡಮ್ಮನೂ ಅದನ್ನೇ ಅಂದರು. "ಏನವಾ, ಅಮೇರಿಕಾದಾಗ ಹುಟ್ಟಿ ಬೆಳದ ಹುಡುಗಿ, ಡಾಕ್ಟರ್ ಆಗೂದು ಬಿಟ್ಟು ನರ್ಸ್ ಆಗ್ತಾಳೇನು?" ನಾನು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಸೇರಿದಾಗಲೂ ಇದೇ ಮಾತು ಕೇಳಿದ್ದೆ. ರಾತ್ರಿ ಡ್ಯೂಟಿ ಮಾಡೋ ಹುಡುಗಿಗೆ ಗಂಡು ಸಿಗೋದಿಲ್ಲ ಅಂತ ಅಪ್ಪನನ್ನು ಹೆದರಿಸಿದವರೂ ಇದ್ದರು. ಅದೇ ಮಂದಿ ಈಗ ಬಿಪಿ ಮಾತ್ರೆ ಯಾವಾಗ ತಗೋಬೇಕು ಅಂತ ನನಗೆ ಫೋನ್ ಮಾಡುತ್ತಾರೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಕೆಲಸದಲ್ಲಿದ್ದೇನೆ. ಮೈ ನೋಯುತ್ತದೆ, ಮನಸ್ಸೂ ನೋಯುತ್ತದೆ, ಆದರೂ ಬೇಡವಾಗಿತ್ತು ಅಂತ ಒಂದು ದಿನವೂ ಅನ್ನಿಸಿಲ್ಲ. ಮಗಳು ತಾನಾಗಿ ಕೇಳಿದರೆ ಅವಳ ಜೊತೆ ಕೂತು ಕಾಲೇಜು ಹುಡುಕಿ. ಅವಳಿಗೆ ನಿಮ್ಮ ಸಹಾಯ ಬೇಕಾಗಿರುವುದು ಅಲ್ಲಿ.

ಅಮೇರಿಕಾದಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಒಂದಿದೆ. ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು ಅಂದರೆ ನರ್ಸಿಂಗ್ ಸೀಟು ಸಿಕ್ಕಿತು ಅಂತ ತಿಳಿಯುತ್ತಾರೆ. ಹಾಗಲ್ಲ. ಬಹಳ ಕಡೆ ಮೊದಲ ಎರಡು ವರ್ಷ ಬರೀ ಪ್ರೀ-ನರ್ಸಿಂಗ್. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಎಲ್ಲ ಮುಗಿಸಿ, ಟೀಸ್ ಅಥವಾ ಹೆಸಿ ಎಂಬ ಪರೀಕ್ಷೆ ಬರೆದು, ಮತ್ತೆ ಅರ್ಜಿ ಹಾಕಬೇಕು. ಆಗ ಸೀಟು ಸಿಗದೇ ಇರಬಹುದು. ಎರಡು ವರ್ಷದ ಫೀಸು ಕಟ್ಟಿ ಬೇರೆ ಮೇಜರ್‌ಗೆ ಹೋದ ಮಕ್ಕಳನ್ನು ನಮ್ಮ ಸಂಘದಲ್ಲೇ ನೋಡಿದ್ದೇನೆ. ಅದಕ್ಕೆ ಮೊದಲ ದಿನವೇ ಕೇಳಿ: ಇದು ಡೈರೆಕ್ಟ್ ಅಡ್ಮಿಷನ್ನಾ, ಇಲ್ಲಾ ಆಮೇಲೆ ಮತ್ತೆ ಅರ್ಜಿ ಹಾಕಬೇಕಾ? ಹಾಕಬೇಕಾದರೆ ಹೋದ ವರ್ಷ ಎಷ್ಟು ಜನ ಹಾಕಿದರು, ಎಷ್ಟು ಜನಕ್ಕೆ ಸಿಕ್ಕಿತು?

ಎರಡನೆಯದು ಎನ್‌ಕ್ಲೆಕ್ಸ್ ಪಾಸ್ ರೇಟ್. ಓದು ಮುಗಿದ ಮೇಲೆ ಎಲ್ಲರೂ ಬರೆಯಲೇಬೇಕಾದ ಲೈಸೆನ್ಸ್ ಪರೀಕ್ಷೆ ಅದು. ನಮ್ಮ ಟೆಕ್ಸಸ್‌ನಲ್ಲಿ ಯಾವ ಕಾಲೇಜಿನಿಂದ ಎಷ್ಟು ಜನ ಮೊದಲ ಸಲಕ್ಕೇ ಪಾಸಾದರು ಅಂತ ನರ್ಸಿಂಗ್ ಬೋರ್ಡ್ ತನ್ನ ವೆಬ್‌ಸೈಟಿನಲ್ಲೇ ಹಾಕುತ್ತದೆ. ಅದು ಶೇ 80ಕ್ಕಿಂತ ಕಡಿಮೆಯಾದರೆ ಕಾಲೇಜು ಬೋರ್ಡಿಗೆ ಉತ್ತರ ಕೊಡಬೇಕು. ಆದರೆ ಬರೀ ಆ ಒಂದು ನಂಬರ್ ನೋಡಿ ಖುಷಿ ಪಡಬೇಡಿ. ಕೆಲವು ಕಾಲೇಜುಗಳಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಕೊನೆಯ ಸೆಮಿಸ್ಟರ್‌ನಲ್ಲೇ ತಡೆಯುತ್ತಾರೆ, ಪರೀಕ್ಷೆವರೆಗೆ ಬಿಡುವುದೇ ಇಲ್ಲ. ಆಗ ಪಾಸ್ ರೇಟ್ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಸೇರಿದವರಲ್ಲಿ ಎಷ್ಟು ಜನ ಸರಿಯಾದ ಸಮಯಕ್ಕೆ ಮುಗಿಸಿದರು ಅಂತಲೂ ಕೇಳಿ.

ದುಡ್ಡಿನ ಚಿಂತೆ ಇದ್ದರೆ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯನ್ನು ಕೀಳಾಗಿ ನೋಡಬೇಡಿ. ಬರೆಯುವುದು ಅದೇ ಎನ್‌ಕ್ಲೆಕ್ಸ್, ಸಿಗುವುದು ಅದೇ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಲೈಸೆನ್ಸ್. ಕೆಲಸ ಮಾಡುತ್ತಲೇ ಬಿಎಸ್‌ಎನ್, ಅಂದರೆ ಅಲ್ಲಿನ ನರ್ಸಿಂಗ್ ಬ್ಯಾಚುಲರ್ ಡಿಗ್ರಿ ಮುಗಿಸಬಹುದು. ದೊಡ್ಡ ಆಸ್ಪತ್ರೆಗಳಲ್ಲಿ ಬಿಎಸ್‌ಎನ್ ಕೇಳುವುದು ಜಾಸ್ತಿ, ಅದು ನಿಜ. ಮುಂದೆ ಮಾಸ್ಟರ್ಸ್ ಓದುವ ಆಸೆ ಇದ್ದರೆ ಕಾಲೇಜಿಗೆ ಸಿಸಿಎನ್‌ಇ ಅಥವಾ ಏಸೆನ್ ಎಂಬ ಸಂಸ್ಥೆಯ ಮಾನ್ಯತೆ ಇದೆಯಾ ಅಂತ ನೋಡಿಕೊಳ್ಳಿ. ಬೇಗ ಮುಗಿಸಿಕೊಡ್ತೀವಿ, ಕ್ಲಿನಿಕಲ್, ಅಂದರೆ ಆಸ್ಪತ್ರೆಯಲ್ಲಿ ಕಲಿಯುವ ತಲೆಬಿಸಿ ಬೇಡ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. 2023ರ ಜನವರಿಯಲ್ಲಿ ಫ್ಲೋರಿಡಾದಲ್ಲಿ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಸರ್ಟಿಫಿಕೇಟ್ ಮಾರಿದ ಕೇಸು ಹೊರಗೆ ಬಂದದ್ದು ನೆನಪಿರಬಹುದು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ಸುಲಿನ್ ಎಷ್ಟು ಯೂನಿಟ್ ಎಳೆಯಬೇಕು ಅಂತ ಗೊತ್ತಿಲ್ಲದವರು ನಮ್ಮ ಅಪ್ಪ ಅಮ್ಮನ ಹಾಸಿಗೆ ಪಕ್ಕ ನಿಂತರೆ ಹೇಗೆ?

ಮನೆಯಲ್ಲಿ ಇನ್ನೂ ಎಚ್-4ನಲ್ಲಿರುವ (ಎಚ್-1ಬಿ ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ) ಮಕ್ಕಳಿದ್ದರೆ 21 ವರ್ಷದ ಲೆಕ್ಕ ಮರೆಯಬೇಡಿ. ಆ ಹುಟ್ಟುಹಬ್ಬಕ್ಕೆ ಎಚ್-4 ಮುಗಿಯುತ್ತದೆ, ನಾಲ್ಕು ವರ್ಷದ ಕೋರ್ಸ್ ಮುಗಿದಿರುವುದಿಲ್ಲ. ವಕೀಲರ ಜೊತೆ ಮೊದಲೇ ಮಾತಾಡಿ.

ಈಗ ಹಾವೇರಿ ಅಕ್ಕಾವ್ರಿಗೆ. ಹೋದ ಶನಿವಾರ ನಮ್ಮ ಅಣ್ಣನ ಮಗಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದೆ. ಒಂದು ಕಾಲೇಜು ನೋಡಿದೆವು, ಹೆಸರು ಬೇಡ. ಕಟ್ಟಡ ಫಳಫಳ ಅಂತಿತ್ತು. ಲಿಫ್ಟ್ ಇತ್ತು, ಎಸಿ ಹಾಲ್ ಇತ್ತು. ಸ್ಕಿಲ್ ಲ್ಯಾಬ್ ತೋರಿಸಿ ಅಂದೆ. ಬೀಗದ ಕೈ ಹುಡುಕಲಿಕ್ಕೆ ಹದಿನೈದು ನಿಮಿಷ ಬೇಕಾಯ್ತು. ಒಳಗೆ ಮಂಚದ ಮೇಲೆ ಒಂದು ಬೊಂಬೆ ಮಲಗಿತ್ತು, ಮೈಮೇಲೆ ಬಂದಾಗಿನ ಪ್ಲಾಸ್ಟಿಕ್ ಹಾಗೇ ಇತ್ತು. ಕೈಗೆ ಕ್ಯಾನುಲಾ ಹಾಕಿ ಕಲಿಯುವ ಬೊಂಬೆ ಅದು. ಅದರ ತೋಳು ಮುಟ್ಟಿ ನೋಡಿದೆ. ಒಂದೇ ಒಂದು ಸೂಜಿ ಗುರುತು ಇರಲಿಲ್ಲ.

ಹೊರಗೆ ಬಂದು ಗಿರ್ಮಿಟ್ ಅಂಗಡಿ ಹತ್ತಿರ ಅದೇ ಕಾಲೇಜಿನ ಮೂರು ಹುಡುಗಿಯರು ಸಿಕ್ಕರು. ಮಾತಾಡಿಸಿದೆ. ಪೋಸ್ಟಿಂಗ್ ಎಲ್ಲಿ, ಕಲಿಯಲಿಕ್ಕೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಅಂದೆ. "ಸಣ್ಣ ದವಾಖಾನಿ ಅದರೀ ಅಕ್ಕಾರ. ಒಂದು ಪೇಷಂಟ್ ಸುತ್ತ ಹತ್ತು ಮಂದಿ ನಿಂದರತೀವಿ. ಬಿಪಿ ಒಬ್ಬಾಕಿ ನೋಡತಾಳ, ಉಳದಾವ್ರು ಬರಕೋತೀವಿ," ಅಂದಳು ಒಬ್ಬಳು. ಅಷ್ಟು ಸಾಕಾಯ್ತು. ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳು ಅನ್ನುವ ಲೆಕ್ಕ ಇರಬೇಕು, ಬಿಎಸ್ಸಿ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಅನ್ನುವುದು ನರ್ಸಿಂಗ್ ಕೌನ್ಸಿಲ್ ಇಟ್ಟ ಅಳತೆ. ಕಾಗದದ ಮೇಲೆ ಎಲ್ಲರ ಹತ್ತಿರವೂ ಅದು ಇರುತ್ತದೆ. ಅದಕ್ಕೇ ಮೂರನೇ ವರ್ಷದ ಮಕ್ಕಳನ್ನು ಗೇಟಿನ ಹೊರಗೆ ಕೇಳಬೇಕು. ನಮ್ಮ ಕಾಲದಲ್ಲಿ 20 ಹೆರಿಗೆ ನಮ್ಮ ಕೈಯಾರೆ ಮಾಡಿಸಿ ಕೇಸ್ ಬುಕ್‌ನಲ್ಲಿ ಬರೆಯಬೇಕಿತ್ತು. ಹನ್ನೊಂದನೇ ಕೂಸು ರಾತ್ರಿ ಮೂರಕ್ಕೆ ಬಂತು, ಅಳಲಿಲ್ಲ. ಸಿಸ್ಟರ್ ನನ್ನ ಕೈ ಹಿಡಿದು ಅದರ ಬೆನ್ನು ಉಜ್ಜಿಸಿದರು. ಅದು ಅತ್ತಿತು, ನಾನೂ ಅತ್ತೆ. ಪ್ಲಾಸ್ಟಿಕ್ ಸುತ್ತಿದ ಬೊಂಬೆ ಹತ್ತಿರ ಇದನ್ನು ಕಲಿಯಲಿಕ್ಕೆ ಆಗುವುದಿಲ್ಲ.

ನಮ್ಮ ಭಾಗದಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆ ಇಲ್ಲ. ಹುಬ್ಬಳ್ಳಿಯಲ್ಲಿ ನಾವೆಲ್ಲ ಈಗಲೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಇದೆ, ಮಾನಸಿಕ ಆರೋಗ್ಯಕ್ಕೆ ಡಿಮ್ಹಾನ್ಸ್ ಇದೆ. ಗದಗಿನಲ್ಲಿ ಜಿಮ್ಸ್ ಬಂದಿದೆ, ಹಾವೇರಿಯಲ್ಲೂ ಮೆಡಿಕಲ್ ಕಾಲೇಜು ಶುರುವಾಗಿದೆ. ಯಾವ ಕಾಲೇಜೇ ಆಗಲಿ, ಮಕ್ಕಳನ್ನು ಇಂಥ ತುಂಬಿದ ವಾರ್ಡ್‌ಗಳಿಗೆ ನಿಜವಾಗಿ ಕಳಿಸುತ್ತಾರಾ, ವಾರಕ್ಕೆ ಎಷ್ಟು ದಿನ ಕಳಿಸುತ್ತಾರೆ, ಜೊತೆಗೆ ಟ್ಯೂಟರ್ ಇರುತ್ತಾರಾ ಅಂತ ಕೇಳಿ. ಸರ್ಕಾರಿ ಕೋಟಾದ ಬಿಎಸ್ಸಿ ನರ್ಸಿಂಗ್ ಸೀಟು ಈಗ ಸಿಇಟಿ ರ‍್ಯಾಂಕ್ ಮೇಲೆ ಕೆಇಎ, ಅಂದರೆ ರಾಜ್ಯದ ಪರೀಕ್ಷಾ ಪ್ರಾಧಿಕಾರದ ಮೂಲಕ ಸಿಗುತ್ತದೆ. ಆಪ್ಷನ್ ಎಂಟ್ರಿ ಮಾಡುವ ಮೊದಲು ಕಾಲೇಜಿನ ಹೆಸರು ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ, ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನಲ್ಲಿ, ಮೂರೂ ಕಡೆ ಇದೆಯಾ ನೋಡಿ. ಅದೂ ಈ ವರ್ಷದ ಪಟ್ಟಿಯಲ್ಲಿ. ಎಲ್ಲಾ ಆಗುತ್ತೆ ಅಂತ ಹೇಳುವ ಏಜೆಂಟರ ಮಾತು ನಂಬಬೇಡಿ.

ಹೊರದೇಶದ ಆಸೆ ಇದ್ದರೆ ಪಿಯುಸಿಯಲ್ಲಿ ವಿಜ್ಞಾನ ಓದಿದವಳನ್ನು ಬಿಎಸ್ಸಿಗೇ ಹಾಕಿ. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಜಿಎನ್‌ಎಂ ಓದಿಯೂ ಹೊರಗೆ ಹೋಗಬಹುದು, ನಾನೇ ಹೋಗಿದ್ದೇನೆ. ಆದರೆ ದಾರಿ ಉದ್ದ.

ನನಗೆ ಆದದ್ದು ಹೇಳುತ್ತೇನೆ. 2009ರಲ್ಲಿ ಎಚ್-4 ಮೇಲೆ ಗಂಡನ ಜೊತೆ ಹೋದೆ. ಲೈಸೆನ್ಸ್‌ಗೆ ಅರ್ಜಿ ಹಾಕಲು ಹೊರಟಾಗ ಗೊತ್ತಾಯ್ತು, ನಾನು ಕೈಯಲ್ಲಿ ಹಿಡಿದುಕೊಂಡು ಬಂದ ಮಾರ್ಕ್ಸ್ ಕಾರ್ಡ್‌ಗೆ ಬೆಲೆ ಇಲ್ಲ ಅಂತ. ಯಾವ ವಿಷಯಕ್ಕೆ ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ಕ್ಲಿನಿಕಲ್ ಅಂತ ಕಾಲೇಜೇ ಬರೆದು, ಸೀಲ್ ಹಾಕಿ, ತಾನೇ ನೇರವಾಗಿ ಸಿಜಿಎಫ್‌ಎನ್‌ಎಸ್‌ಗೆ, ಅಂದರೆ ಹೊರದೇಶದ ನರ್ಸ್‌ಗಳ ಓದನ್ನು ಪರಿಶೀಲಿಸುವ ಅಲ್ಲಿನ ಸಂಸ್ಥೆಗೆ ಕಳಿಸಬೇಕಿತ್ತು. ನನ್ನ ಕಾಲೇಜು ಅದಕ್ಕೆ ಹನ್ನೊಂದು ತಿಂಗಳು ತಗೊಂಡಿತು. ನಮ್ಮ ಅಣ್ಣ ಗದಗಿನಿಂದ ಬಸ್ ಹತ್ತಿ ಆರು ಸಲ ಹೋದ. ಕ್ಲರ್ಕ್ ಇಲ್ಲ, ಪ್ರಿನ್ಸಿಪಾಲ್ ರಜೆ, ಹಳೇ ರಿಜಿಸ್ಟರ್ ಗೋದಾಮಿನಲ್ಲಿದೆ. ಕೊನೆಗೆ ಹೋದ ಕಾಗದದಲ್ಲಿ ಮನೋರೋಗದ ಪೋಸ್ಟಿಂಗ್ ಗಂಟೆಗಳನ್ನೇ ಬರೆದಿರಲಿಲ್ಲ. ಮತ್ತೆ ಮೊದಲಿನಿಂದ. 2013ರಲ್ಲಿ ಎನ್‌ಕ್ಲೆಕ್ಸ್ ಪಾಸಾದೆ. 2015ರಲ್ಲಿ ಕೆಲವು ಎಚ್-4ನವರಿಗೂ ಕೆಲಸದ ಪರವಾನಗಿ ಕೊಡಲು ಶುರು ಮಾಡಿದ ಮೇಲೆ ಕೆಲಸಕ್ಕೆ ಸೇರಿದೆ. ಆರು ವರ್ಷ ಮನೆಯಲ್ಲಿ ಕೂತಿದ್ದೆ. ಆ ನೋವು ಯಾರಿಗೂ ಬೇಡ.

ಅದಕ್ಕೆ ನಿಮ್ಮ ತಂಗಿಯ ಮಗಳಿಗೆ ಮೊದಲ ದಿನದಿಂದಲೇ ಒಂದು ಫೈಲ್ ಮಾಡಿಸಿ. ಪ್ರತಿ ಸೆಮಿಸ್ಟರ್‌ನ ಸಿಲೆಬಸ್, ಪೋಸ್ಟಿಂಗ್ ಲಿಸ್ಟ್, ಗಂಟೆಗಳ ಲೆಕ್ಕ, ಕೇಸ್ ಬುಕ್, ಎಲ್ಲಾ ಅದರಲ್ಲಿ ಇರಲಿ. ಹೆಸರಿನ ವಿಷಯ ಇನ್ನೂ ಮುಖ್ಯ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಮುಂದೆ ಬಂದಿರುತ್ತದೆ, ಮದುವೆಯಾದ ಮೇಲೆ ಗಂಡನ ಮನೆತನದ ಹೆಸರು. ಪರೀಕ್ಷೆಯ ದಿನ ಐಡಿ ಮೇಲಿನ ಹೆಸರು ಅರ್ಜಿಯ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಕಾಲೇಜು ಸೇರುವ ಮೊದಲೇ ಎಲ್ಲವನ್ನೂ ಒಂದೇ ಮಾಡಿಸಿ. ಡಿಗ್ರಿ ಮುಗಿದ ಕೂಡಲೇ ರಾಜ್ಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಬೇಕು, ಆಮೇಲೆ ಅದನ್ನು ನವೀಕರಿಸುತ್ತಾ ಇರಬೇಕು. ಇಲ್ಲಿನ ನೋಂದಣಿ ಚಾಲ್ತಿಯಲ್ಲಿ ಇಲ್ಲ ಅಂದರೆ ಹೊರಗಿನ ಅರ್ಜಿ ಅಲ್ಲೇ ನಿಲ್ಲುತ್ತದೆ. ಎರಡು ವರ್ಷವಾದರೂ ತುಂಬಿದ ವಾರ್ಡಿನಲ್ಲಿ ಕೆಲಸ ಮಾಡಲಿ.

ಎನ್‌ಕ್ಲೆಕ್ಸ್ ಬಗ್ಗೆ ಕೇಳಿದ್ದಿರಿ. ಅದನ್ನು ಬರೆಯಲು ಅಮೇರಿಕಾಕ್ಕೆ ಬರಬೇಕಿಲ್ಲ, ಬೆಂಗಳೂರಿನಲ್ಲೇ ಸೆಂಟರ್ ಇದೆ. ಮೊದಲು ಯಾವುದಾದರೂ ಒಂದು ರಾಜ್ಯದ ಬೋರ್ಡ್ ಒಪ್ಪಿಗೆ ಕೊಡಬೇಕು. ಐದು ಗಂಟೆ ಸಮಯ, ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150. ಉತ್ತರ ಸರಿಯಾದಂತೆ ಪ್ರಶ್ನೆ ಕಠಿಣವಾಗುತ್ತಾ ಹೋಗುತ್ತದೆ, ಹಾಗಾಗಿ ಕಷ್ಟ ಅನ್ನಿಸಿದರೆ ಹೆದರಬಾರದು. 2023ರ ಏಪ್ರಿಲ್‌ನಿಂದ ಒಬ್ಬ ರೋಗಿಯ ಪೂರ್ತಿ ಕೇಸ್ ಕೊಟ್ಟು ಮುಂದೇನು ಮಾಡ್ತೀಯ ಅಂತ ಕೇಳುವ ಪ್ರಶ್ನೆಗಳು ಬಂದಿವೆ. ಬಾಯಿಪಾಠ ಮಾಡಿದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ವಾರ್ಡಿನಲ್ಲಿ ನಿಂತು ರೋಗಿಯ ಮುಖ ನೋಡಿ ಕಲಿತವರಿಗೆ ಉತ್ತರ ತಾನಾಗಿ ಹೊಳೆಯುತ್ತದೆ. ಫೇಲ್ ಆದರೆ 45 ದಿನ ಬಿಟ್ಟು ಮತ್ತೆ ಬರೆಯಬಹುದು.

ಆದರೆ ಒಂದು ಮಾತು ಮುಚ್ಚಿಡದೆ ಹೇಳಬೇಕು. ಭಾರತದಲ್ಲಿ ಹುಟ್ಟಿದವರಿಗೆ ಅಮೇರಿಕಾದ ಗ್ರೀನ್ ಕಾರ್ಡ್ ಸಾಲು ಹತ್ತು ವರ್ಷಕ್ಕೂ ಜಾಸ್ತಿ ಇದೆ. ನರ್ಸ್‌ಗಳೂ ಅದೇ ಸಾಲಿನಲ್ಲಿ ನಿಲ್ಲಬೇಕು. ದೊಡ್ಡಮ್ಮ ಅಲ್ಲಿದ್ದಾಳೆ ಅಂತ ಹುಡುಗಿಗೆ ಸುಮ್ನೆ ಆಸೆ ತೋರಿಸಬೇಡಿ. ಬ್ರಿಟನ್ ದಾರಿ ಇದಕ್ಕಿಂತ ಹತ್ತಿರ. ಅಲ್ಲಿ ಎನ್‌ಎಂಸಿ, ಅಂದರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನ ನೋಂದಣಿಗೆ ಮೊದಲು ಕಂಪ್ಯೂಟರ್ ಪರೀಕ್ಷೆ, ಅದನ್ನು ಇಲ್ಲೇ ಬರೆಯಬಹುದು. ಆಮೇಲೆ ಅಲ್ಲಿಗೆ ಹೋಗಿ ಆಸ್ಕಿ, ಅಂದರೆ 10 ಟೇಬಲ್‌ಗಳಲ್ಲಿ ಕೈಯಿಂದ ಮಾಡಿ ತೋರಿಸುವ ಪರೀಕ್ಷೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಮೂರು ವಿಭಾಗಕ್ಕೆ 7, ಬರೆಯುವುದಕ್ಕೆ 6.5 ಬೇಕು. ಕನ್ನಡ ಮಾಧ್ಯಮದ ಹುಡುಗಿ ಅಂತ ಹೆದರಬೇಡಿ. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮವೇ. ಮೊದಲ ವರ್ಷದಿಂದಲೇ ದಿನಾ ಅರ್ಧ ಗಂಟೆ ಇಂಗ್ಲಿಷ್ ಮಾತಾಡಲಿ, ನಾಲ್ಕನೇ ವರ್ಷಕ್ಕೆ ತಾನಾಗಿ ಬರುತ್ತದೆ. ಬೇಕಾದರೆ ವಾರಕ್ಕೊಮ್ಮೆ ನಾನೇ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತೇನೆ.

ನಾಳೆ ಧಾರವಾಡದ ಕಡೆ ಇನ್ನೊಂದು ಕಾಲೇಜು ನೋಡಲು ಹೋಗುತ್ತಿದ್ದೇವೆ. ನನ್ನ ಮಗಳೂ ಬರ್ತೀನಿ ಅಂತ ಈಗಲೇ ಚಪ್ಪಲಿ ತೆಗೆದಿಟ್ಟುಕೊಂಡಿದ್ದಾಳೆ. ಜುಲೈ 12ರವರೆಗೆ ನಾನು ಊರಿನಲ್ಲಿರುತ್ತೇನೆ. ಅಕ್ಕಾವ್ರೇ, ನಿಮ್ಮ ತಂಗಿಗೆ ಹೇಳಿ, ಮಗಳನ್ನು ಕರೆದುಕೊಂಡು ಒಂದು ದಿನ ಗದಗಿಗೆ ಬರಲಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ಮೂರನ್ನೂ ತರಲಿ. ಮೊದಲು ಹೆಸರು ಹೊಂದುತ್ತದಾ ಅಂತ ಕೂತು ನೋಡೋಣ, ಊಟ ಇಲ್ಲೇ ಮಾಡಿಕೊಂಡು ಹೋಗಲಿ.