ಆಳಿನ ಸಂಬಳ ಏರಿಸುವುದಾ, ಊಟದ ರೇಟು ಏರಿಸುವುದಾ? ಕಾಸರಗೋಡು ಕಡೆಯವರು ಅನುಭವ ಹೇಳಿ

ಬದಿಯಡ್ಕ ಕಡೆಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಪೇಟೆಯಿಂದ ಸ್ವಲ್ಪ ಒಳಗೆ ನನ್ನದೊಂದು ಸಣ್ಣ ಹೋಟೆಲು. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಗೋಳಿಬಜೆ, ಬನ್ಸು. ಕೆಲಸಕ್ಕೆ ಮೂರು ಜನ ಇದ್ದಾರೆ, ಮೂವರೂ ದಿನಕ್ಕೆ 100 ರೂಪಾಯಿ ಜಾಸ್ತಿ ಮಾಡಿ ಅಂತ ಕೇಳುತ್ತಿದ್ದಾರೆ. ಊಟಕ್ಕೆ 60 ರೂಪಾಯಿ, ಎರಡು ವರ್ಷದಿಂದ ಮುಟ್ಟಿಲ್ಲ. ದಿನಕ್ಕೆ ಸುಮಾರು 80 ಊಟ ಹೋಗುತ್ತದೆ. ಏರಿಸಿದರೆ ಗಿರಾಕಿಗಳು ಎದುರಿನ ಹೋಟೆಲಿಗೆ ಹೋದಾರು ಅಂತ ಹೆದರಿಕೆ. ಒಬ್ಬರನ್ನು ಬಿಡಿಸಿ ಇಬ್ಬರಲ್ಲೇ ನಡೆಸಿದರೆ ಹೇಗೆ ಅಂತಲೂ ಯೋಚನೆ ಬರುತ್ತಿದೆ. ಇಂಥ ಪರಿಸ್ಥಿತಿ ನೋಡಿದವರು ಏನು ಮಾಡಿದಿರಿ?

ಕುಂಬಳೆಯಲ್ಲಿ ಹೋಟೆಲು ನಡೆಸುವವರು:

ತಮ್ಮಾ, ಮೊದಲು ಒಂದು ಪುಸ್ತಕ ತಗೊಂಡು ಎಣ್ಣೆ ಲೆಕ್ಕ ಬರೆಯಿರಿ, ಸಂಬಳದ್ದು ಆಮೇಲೆ. 2024ರ ಶುರುವಿನಲ್ಲಿ ತೆಂಗಿನೆಣ್ಣೆ ಕಿಲೋಗೆ 200ರ ಆಸುಪಾಸು ಇತ್ತು. 2025ರ ಜುಲೈ ಹೊತ್ತಿಗೆ 400 ದಾಟಿ ಹೋಯಿತು, ನನಗೆ 450ಕ್ಕೂ ಬಿಲ್ ಬಂದದ್ದುಂಟು. ನೀವು ದಿನಕ್ಕೆ ಒಂದೂವರೆ ಕಿಲೋ ಬಳಸುತ್ತೀರಿ ಅಂತ ಇಟ್ಟುಕೊಳ್ಳಿ. ಕಿಲೋಗೆ 250 ಜಾಸ್ತಿ ಆದರೆ ದಿನಕ್ಕೆ 375 ರೂಪಾಯಿ. ನಿಮ್ಮ ಮೂವರೂ ಸೇರಿ ಕೇಳುತ್ತಿರುವುದು 300. ಅಂದರೆ ಅವರು ಬಾಯಿ ತೆರೆಯುವ ಮೊದಲೇ ಅದಕ್ಕಿಂತ ಜಾಸ್ತಿ ಎಣ್ಣೆಯೇ ತಿಂದಿದೆ, ನೀವು ಕೊಟ್ಟೂ ಆಗಿದೆ. ಎಣ್ಣೆ ಅಂಗಡಿಯವನ ಹತ್ತಿರ ಚೌಕಾಸಿ ಮಾಡುವುದಕ್ಕೆ ಆಗುವುದಿಲ್ಲ, ಆಳಿನ ಹತ್ತಿರ ಆಗುತ್ತದೆ. ಹಾಗಾಗಿ ನಮ್ಮ ಸಿಟ್ಟೆಲ್ಲ ಅವರ ಮೇಲೆ ಹೋಗುವುದು. ನಾನು ಎಲ್ಲ ಹೋಟೆಲಿನವರಲ್ಲೂ ಇದನ್ನೇ ನೋಡಿದ್ದೇನೆ.

ಕರಿಯಲು ಪಾಮ್ ಎಣ್ಣೆ ಬಳಸುವವರೂ ಸುಖವಾಗಿರಲಿಲ್ಲ ಬಿಡಿ. 2024ರ ಸೆಪ್ಟೆಂಬರಿನಲ್ಲಿ ಹೊರದೇಶದಿಂದ ಬರುವ ಖಾದ್ಯ ತೈಲದ ಸುಂಕ ಒಮ್ಮೆಲೇ ಏರಿಸಿದರು. ಶುದ್ಧೀಕರಿಸದ ಕಚ್ಚಾ ಅಡುಗೆ ಎಣ್ಣೆಗೆ ಮೂಲ ಸುಂಕ ಸೊನ್ನೆಯಿಂದ ಶೇ 20. 2025ರ ಮೇ ಕೊನೆಗೆ ಅದನ್ನು ಶೇ 10ಕ್ಕೆ ಇಳಿಸಿದರು. ಇಳಿದದ್ದು ನಮ್ಮ ಡಬ್ಬಕ್ಕೆ ಬರುವಾಗ ಎಷ್ಟು ಉಳಿಯುತ್ತದೆ ಅಂತ ನಿಮಗೂ ಗೊತ್ತು.

ಈಗ ರೇಟಿನ ಮಾತು. 80 ಊಟಕ್ಕೆ ತಲಾ 10 ಏರಿಸಿದರೆ 800 ಬರುತ್ತದೆ. ಸಂಬಳ 300, ಎಣ್ಣೆ 375, ಎರಡೂ ಸೇರಿ 675. ಎರಡು ಮೂರು ಊಟ ಕಡಿಮೆ ಹೋದರೂ ಸಾಧಾರಣ ಸರಿದೂಗುತ್ತದೆ. ನಾನು 60ರಿಂದ 70 ಒಮ್ಮೆಲೇ ಮಾಡಿದೆ. ಒಂದು ವಾರ ಗೊಣಗಿದರು. ಇಬ್ಬರು ಮೂವರು ಬರುವುದು ನಿಲ್ಲಿಸಿದರು, ಅದರಲ್ಲಿ ಒಬ್ಬರು ಸಾಲದ ಗಿರಾಕಿ, ಅವರು ಹೋದದ್ದು ಒಳ್ಳೆಯದೇ ಆಯಿತು! ಆದರೆ ಒಂದು ಮಾತು: ರೇಟು ಹಾಗೇ ಇಟ್ಟು ಪಲ್ಯ ಕಡಿಮೆ ಮಾಡುವುದು, ಸಾರು ನೀರು ಮಾಡುವುದು ಬೇಡ. ಹತ್ತು ರೂಪಾಯಿ ಜಾಸ್ತಿ ಆದದ್ದನ್ನು ಜನ ಮರೆಯುತ್ತಾರೆ, ಎರಡನೇ ಸಲ ಅನ್ನ ಕೇಳಿದಾಗ ಮುಖ ತಿರುಗಿಸಿದ್ದನ್ನು ಮರೆಯುವುದಿಲ್ಲ.

ಪೆರ್ಲದ ಅಡಿಕೆ ಕೃಷಿಕರು:

ಹೋಟೆಲಿನ ವಿಷಯ ನನಗೆ ಗೊತ್ತಿಲ್ಲ, ಆಳಿನ ವಿಷಯ ಗೊತ್ತು. ಒಬ್ಬರನ್ನು ಬಿಡಿಸುವ ಯೋಚನೆ ಮಾತ್ರ ಬೇಡ ಮಾರಾಯ್ರೆ. ಬಿಟ್ಟ ಆಳು ತಿರುಗಿ ಸಿಗುವ ಕಾಲ ಹೋಯಿತು. ನಮ್ಮ ನೆರೆಯವರು ಒಬ್ಬರು ಅಡಿಕೆ ಮರಕ್ಕೆ ಬೋರ್ಡೋ ಮದ್ದು ಬಿಡುವವನ ಜತೆ ಮಜೂರಿಗೆ ಜಗ್ಗಾಡಿದರು. ಅವನು ಬೇರೆ ತೋಟಕ್ಕೆ ಹೋದ. ಇವರಿಗೆ ಇನ್ನೊಬ್ಬ ಸಿಗುವಾಗ ಮಳೆ ಹಿಡಿದಾಗಿತ್ತು, ಬೋರ್ಡೋ ಬಿಡಲು ಬಿಸಿಲೇ ಇಲ್ಲ. ಕೊಳೆರೋಗ ಬಂದು ನಳ್ಳಿ, ಅಂದರೆ ಎಳೆ ಅಡಿಕೆ, ಎಲ್ಲ ಉದುರಿತು. ಅವರು ಉಳಿಸಲು ನೋಡಿದ್ದು ಮರಕ್ಕೆ ಎರಡು ಮೂರು ರೂಪಾಯಿ.

ಅಡಿಕೆಗೆ ರೇಟು ಬಂದಿದೆ ಅಂತ ನಮಗಿಂತ ಮೊದಲು ಕೊನೆ ಕೊಯ್ಯುವವರಿಗೇ ಗೊತ್ತಿರುತ್ತದೆ. ಅವರು ಕೇಳುವುದೂ ನ್ಯಾಯವೇ. ಮರ ಹತ್ತುವ ಹುಡುಗರು ಈಗ ಎಲ್ಲಿದ್ದಾರೆ ಹೇಳಿ, ಒಬ್ಬ ಗಲ್ಫಿನಲ್ಲಿ, ಒಬ್ಬ ಮಂಗಳೂರಿನಲ್ಲಿ ಡೆಲಿವರಿ ಕೆಲಸ. ನಾನು ನೆಲದಿಂದಲೇ ಕೊನೆ ಕೊಯ್ಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ತಗೊಂಡೆ, ಸ್ವಲ್ಪ ಸುಧಾರಿಸಿದೆ. ಆದರೆ ದೋಟಿ ಹಿಡಿಯಲೂ ಒಬ್ಬ ಪಳಗಿದವನು ಬೇಕಲ್ಲ.

ಕೇರಳದಲ್ಲಿ ಮಜೂರಿ ಜಾಸ್ತಿ ಅಂತ ಘಟ್ಟದ ಮೇಲಿನವರು ನಗುತ್ತಾರೆ. ಜಾಸ್ತಿ ಹೌದು. ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ 2021-22ಕ್ಕೆ ಹಳ್ಳಿಯ ಕಟ್ಟಡ ಕೆಲಸದವನ ದಿನಗೂಲಿ ಕೇರಳದಲ್ಲಿ ಸರಾಸರಿ ₹837.70, ಇಡೀ ದೇಶದ್ದು ₹373.30. ಅದಕ್ಕೇ ಬಂಗಾಳ, ಅಸ್ಸಾಂ ಕಡೆಯಿಂದ ಹುಡುಗರು ಇಲ್ಲಿವರೆಗೆ ಬರುವುದು. ನಿಮ್ಮ ಹೋಟೆಲಿನ ಆಳು ಸಂಬಳ ಕೇಳುವಾಗ ಎದುರಿನ ಹೋಟೆಲಿಗೆ ಹೋಲಿಸುವುದಿಲ್ಲ, ಗಾರೆ ಕೆಲಸಕ್ಕೆ ಹೋಲಿಸುತ್ತಾನೆ. ಅದು ನೆನಪಿರಲಿ.

ಹೋಟೆಲಿನಲ್ಲಿ ಅಡುಗೆ ಮಾಡುವವರು, ನೀರ್ಚಾಲಿನಿಂದ:

ಅಣ್ಣಾ, ನಾನು ಕೇಳುವ ಕಡೆಯವಳು. ಎಲ್ಲರೂ ಯಜಮಾನರ ಲೆಕ್ಕ ಹೇಳಿದರು, ನಮ್ಮ ಮನೆಯದ್ದೂ ಕೇಳಿ.

ಎಣ್ಣೆ ನಿಮಗೆ ಏರಿದ ಹಾಗೆಯೇ ನಮಗೂ ಏರಿತು, ಆದರೆ ನಾವು ಯಾರ ಮೇಲೂ ಹಾಕುವ ಹಾಗಿಲ್ಲ. 2025ರ ಏಪ್ರಿಲಿನಲ್ಲಿ ಗ್ಯಾಸ್ ಸಿಲಿಂಡರಿಗೆ 50 ಏರಿತು. ಕೇರಳ ಸಹಕಾರಿಯವರ ಮಿಲ್ಮಾ ಹಾಲು 2022ರ ಡಿಸೆಂಬರಿನಲ್ಲೇ ಲೀಟರಿಗೆ 6 ರೂಪಾಯಿ ಏರಿದ್ದು, ಆಮೇಲೆ ಮನೆಯಲ್ಲಿ ಚಹಾ ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಬಂತು. ಬಸ್ಸಿಗೆ ಹತ್ತಿದರೆ 10 ರೂಪಾಯಿ, ನನಗೆ ಎರಡು ಬಸ್ಸು, ಹೋಗಿ ಬಂದರೆ 40. ರೇಷನ್ ಅಕ್ಕಿ ಇರುವುದರಿಂದ ಹೊಟ್ಟೆಗೆ ತೊಂದರೆ ಇಲ್ಲ. ಸರ್ಕಾರದ ಮಾವೇಲಿ ಸ್ಟೋರಿನಲ್ಲಿ ಸಬ್ಸಿಡಿ ಸಾಮಾನು ಬಂದ ದಿನ ಕ್ಯೂ ನಿಂತರೆ ತಿಂಗಳಿಗೆ ಸ್ವಲ್ಪ ಉಳಿಯುತ್ತದೆ, ಆದರೆ ಅದಕ್ಕೆ ಅರ್ಧ ದಿನದ ಕೆಲಸ ಬಿಡಬೇಕು. ಬಿಟ್ಟ ಸಂಬಳವೂ ಲೆಕ್ಕಕ್ಕೆ ಬರುತ್ತದೆ ಅಲ್ವಾ?

ಸಂಬಳ ಒಂದೇ ಸಲ 100 ಏರಿಸಲು ಆಗದಿದ್ದರೆ ಹಾಗೇ ಹೇಳಿ. ಈಗ 50, ಏಪ್ರಿಲಿನ ವಿಷು ಹಬ್ಬಕ್ಕೆ 50 ಅಂತ ಹೇಳಿ, ಹೇಳಿದ ದಿನಕ್ಕೆ ಕೊಡಿ. ನಮ್ಮ ಯಜಮಾನರು ಹಾಗೆ ಮಾಡಿದರು, ಯಾರೂ ಬಿಟ್ಟು ಹೋಗಲಿಲ್ಲ. "ನೋಡುವಾ, ನೋಡುವಾ" ಅಂತ ತಿಂಗಳು ದೂಡುವುದು ಇದೆಯಲ್ಲ, ಕೆಲಸ ಬಿಡಿಸುವುದು ಅದು. ಬಸ್ಸಿನ ದುಡ್ಡು ಬೇರೆಯಾಗಿ ಕೊಟ್ಟರೂ ದೊಡ್ಡ ಉಪಕಾರ. ಮಧ್ಯಾಹ್ನದ ಊಟ ಉಳಿದರೆ ಮನೆಗೆ ಕಟ್ಟಿಕೊಡುತ್ತಾರೆ ಅಂತ ನನಗೆ ಬೇರೆ ಕಡೆ ಕರೆದರೂ ಹೋಗಲು ಮನಸ್ಸಿಲ್ಲ.

ಇಬ್ಬರಲ್ಲಿ ನಡೆಸುವ ಮಾತು ಎತ್ತಿದಿರಿ. ಮೂರನೆಯವರ ಪಾತ್ರೆ ಯಾರು ತೊಳೆಯುವುದು? ಉಳಿದ ಇಬ್ಬರೇ. ಆಗ ಅವರೂ 100 ಅಲ್ಲ, 200 ಕೇಳುತ್ತಾರೆ.

ನಿವೃತ್ತ ಬ್ಯಾಂಕ್ ನೌಕರರು, ಮುಳ್ಳೇರಿಯ:

ಒಂದು ವಿಷಯ ಸೇರಿಸುತ್ತೇನೆ, ಯಾಕೆಂದರೆ ನನ್ನ ಮಗ ಬೆಂಗಳೂರಿನಿಂದ ಫೋನು ಮಾಡಿ "ಅಪ್ಪಾ, ಬೆಲೆಯೇರಿಕೆ ಇಳಿದಿದೆ, ಪೇಪರಿನಲ್ಲಿ ಬಂದಿದೆ" ಅನ್ನುತ್ತಾನೆ. 2025ರ ಸೆಪ್ಟೆಂಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 1.54. ಅದೇ ತಿಂಗಳು ಕೇರಳದ್ದು ಶೇ 9.05. ದೇಶದಲ್ಲೇ ಎಲ್ಲಕ್ಕಿಂತ ಜಾಸ್ತಿ! ತೆಂಗಿನೆಣ್ಣೆ, ಚಿನ್ನ, ಇವೆರಡೂ ಇಲ್ಲಿನ ಮನೆ ಖರ್ಚಿನಲ್ಲಿ ಬೇರೆ ಕಡೆಗಿಂತ ದೊಡ್ಡ ಪಾಲು. ಉತ್ತರದಲ್ಲಿ ತರಕಾರಿ ಅಗ್ಗವಾದರೆ ದೇಶದ ಅಂಕಿ ಕೆಳಗೆ ಬರುತ್ತದೆ, ನಮ್ಮ ಒಗ್ಗರಣೆಗೆ ಅದರಿಂದ ಏನೂ ಇಲ್ಲ.

ಇನ್ನೊಂದು, ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ಅಲ್ಲ, ಏರುವ ವೇಗ ಕಡಿಮೆ ಆಯಿತು ಅಂತ. ಏರಿದ್ದು ಏರಿಯೇ ಇರುತ್ತದೆ. ದಿನಕ್ಕೆ 700 ಪಡೆಯುವವನಿಗೆ ಶೇ 9ರ ಲೆಕ್ಕದಲ್ಲಿ ಹಳೆಯ ಜಾಗದಲ್ಲೇ ನಿಲ್ಲಲು ಒಂದು ವರ್ಷ ಕಳೆಯುವಾಗ ದಿನಕ್ಕೆ 63 ರೂಪಾಯಿ ಜಾಸ್ತಿ ಬೇಕು. ನಿಮ್ಮವರ ಸಂಬಳ ಎರಡು ವರ್ಷದಿಂದ ಅಷ್ಟೇ ಇದ್ದರೆ 100 ಕೇಳಿದ್ದು ಆಸೆಯ ಮಾತಲ್ಲ.

ಹೊಸಂಗಡಿಯಿಂದ:

ಗಡಿ ಹತ್ತಿರದವರ ಕಥೆ ಬೇರೆ. ನಮ್ಮಲ್ಲಿ ಹುಡುಗರು ಬೆಳಿಗ್ಗೆ ಬಸ್ಸೋ ರೈಲೋ ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಸಿಗುವ ಸಂಬಳ ಇಲ್ಲಿಗಿಂತ ಜಾಸ್ತಿ ಏನಲ್ಲ, ಆದರೆ ತಿಂಗಳ ಸಂಬಳ, ಇಎಸ್‌ಐ, ಪಿಎಫ್ ಅಂತ ಇರುತ್ತದೆ. ಪೆಟ್ರೋಲು ತಲಪಾಡಿ ಗಡಿಯ ಆಚೆ ಕರ್ನಾಟಕದಲ್ಲಿ ತುಂಬಿಸುತ್ತಾರೆ, ಕೇರಳದಲ್ಲಿ 2023ರ ಏಪ್ರಿಲಿನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಸೇರಿದೆಯಲ್ಲ. ಅದಕ್ಕಾಗಿಯೇ ಹೋದರೆ ಉಳಿದದ್ದೆಲ್ಲ ದಾರಿಯಲ್ಲೇ ಸುಡುತ್ತದೆ. ಬದಿಯಡ್ಕದಿಂದ ಯಾರೂ ಆ ಸಾಹಸ ಮಾಡಬೇಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಉಪಕಾರ. ನೀರ್ಚಾಲಿನ ಅಕ್ಕ ಹೇಳಿದ್ದು ತಲೆಗೆ ಹೋಯಿತು. ಮೂವರನ್ನೂ ಇಟ್ಟುಕೊಳ್ಳುತ್ತೇನೆ. ಈಗ 60, ವಿಷುವಿಗೆ 40, ಜತೆಗೆ ಬಸ್ಸಿನ ದುಡ್ಡು. ಊಟ 70. ಚಹಾಕ್ಕೂ ಎರಡು ರೂಪಾಯಿ ಏರಿಸಿಬಿಡಲಾ?

ಕುಂಬಳೆಯವರು:

ಚಹಾ ಈಗ ಮುಟ್ಟಬೇಡಿ. ಊಟಕ್ಕೆ ಬರುವವರು ಬೇರೆ, ಚಹಾಕ್ಕೆ ಬರುವವರು ಬೇರೆ. ದಿನಕ್ಕೆ ಮೂರು ಸಲ ಬಂದು ಪೇಪರು ಓದಿ, ಜತೆಗೆ ಎರಡು ಗೋಳಿಬಜೆ ತಿಂದು ಹೋಗುವವರು ಅವರು, ಸಂಜೆಯ ವ್ಯಾಪಾರ ನಿಂತಿರುವುದೇ ಅವರ ಮೇಲೆ. ಊಟದ ಹೊಸ ರೇಟು ಮಾತ್ರ ತಿಂಗಳ ಒಂದನೇ ತಾರೀಕಿನಿಂದ ಅಂತ ಬೋರ್ಡು ಬರೆದು ಒಂದು ವಾರ ಮೊದಲೇ ಕ್ಯಾಶ್ ಮೇಜಿನ ಹತ್ತಿರ ಹಾಕಿ. ಎದುರಿನ ಹೋಟೆಲಿನವರೂ ಅದನ್ನು ಓದುತ್ತಾರೆ. ಅವರಿಗೂ ಎಣ್ಣೆ ಅದೇ ಅಂಗಡಿಯಿಂದ ಬರುವುದು. ಹೆಚ್ಚಾಗಿ ಮರುವಾರ ಅವರದ್ದೂ 70 ಆಗುತ್ತದೆ ನೋಡಿ.