ಕಾಶಿ ಯಾತ್ರೆಯ ಪಟ್ಟಿ

ಕುಟುಂಬದ ಗುಂಪು, 43 ಸದಸ್ಯರು

ದೊಡ್ಡಪ್ಪ: ಎಲ್ಲರಿಗೂ ನಮಸ್ಕಾರ. ಕಾಶಿ ಯಾತ್ರೆಗೆ ಬರುವವರ ಪಟ್ಟಿಯನ್ನು ಗೂಗಲ್ ಶೀಟಿನಲ್ಲಿ ಮಾಡಿದ್ದೇನೆ. ಲಿಂಕ್ ಒತ್ತಿ ಹೆಸರು, ಹುಟ್ಟಿದ ದಿನಾಂಕ, ಫೋನ್, ಆಧಾರ್ ನಂಬರ್, ಬ್ಯಾಂಕ್ ಹೆಸರು ತುಂಬಿ. ಆಧಾರ್ ಫೋಟೋ ಇಲ್ಲೇ ಗುಂಪಿಗೆ ಹಾಕಿ. ಭಾನುವಾರದೊಳಗೆ ಆಗಬೇಕು.

ಚಿಕ್ಕಮ್ಮ: (ಫೋಟೋ) ಭಾವ, ನಂದೂ ಇವರದೂ.

ನಾನು: ಚಿಕ್ಕಮ್ಮ, ದಯವಿಟ್ಟು ಆ ಫೋಟೋ ಈಗಲೇ ಡಿಲೀಟ್ ಮಾಡಿ. ‘ಎಲ್ಲರಿಗೂ’ ಅನ್ನೋದನ್ನೇ ಒತ್ತಿ. ದೊಡ್ಡಪ್ಪ, ಲಿಂಕ್ ಸಿಕ್ಕಿದ ಯಾರು ಬೇಕಾದರೂ ತಿದ್ದೋ ಹಾಗೆ ಬಿಟ್ಟಿದೀರಿ. ಶೀಟಿನ ಮೇಲೆ ಬಲಗಡೆ ನೋಡಿ, ‘ಅನಾನಿಮಸ್’ ಅಂತ ಒಂದು ಪ್ರಾಣಿ ಚಿತ್ರ ಕೂತಿದೆ. ಬರೀ ಲಿಂಕ್ ಹಿಡಿದು ಒಳಗೆ ಬಂದವರು ಅವರು. ನಮ್ಮವರೋ ಹೊರಗಿನವರೋ ಗೊತ್ತಾಗಲ್ಲ.

ದೊಡ್ಡಪ್ಪ: ದೂರ ಇರೋರಿಗೂ ಸುಲಭ ಆಗಲಿ ಅಂತ ಹಾಗೆ ಮಾಡಿದ್ದು ಪುಟ್ಟಿ. ಹೋದ ಸಲ ರಾಮೇಶ್ವರಕ್ಕೆ ಹೋದಾಗ ಇಬ್ಬರ ವಯಸ್ಸು ಟಿಕೆಟ್ಟಲ್ಲಿ ತಪ್ಪಾಗಿ ಎಷ್ಟು ಪಾಡು ಪಟ್ಟೆ, ನಿನಗೇ ಗೊತ್ತು.

ಚಿಕ್ಕಪ್ಪ: ವಾಟ್ಸಾಪ್ ಎನ್‌ಕ್ರಿಪ್ಟೆಡ್ ಅಲ್ವೇನೆ? ಲಾಡ್ಜು, ಸಿಮ್ಮು, ಗ್ಯಾಸು, ಎಲ್ಲ ಕಡೆ ಜೆರಾಕ್ಸ್ ಕೊಟ್ಟಾಗಿದೆ. ನಮ್ಮ ಹತ್ರ ಕದಿಯೋಕೆ ಏನಿದೆ?

ನಾನು: ದಾರೀಲಿ ಯಾರೂ ಓದೋಕಾಗಲ್ಲ, ನಿಜ ಚಿಕ್ಕಪ್ಪ, 2016ರಿಂದ ಹಾಗಿದೆ. ತಲುಪಿದ ಮೇಲೆ? 43 ಫೋನಿನ ಗ್ಯಾಲರಿಯಲ್ಲಿ ಆ ಫೋಟೋ ಕೂರುತ್ತೆ. ಮುಂದಿನ ವರ್ಷ ಅದೇ ಫೋನನ್ನ ಎಕ್ಸ್‌ಚೇಂಜಿಗೆ ಕೊಡ್ತೀವಿ. ಊರಲ್ಲಿ ಅಂಗಡಿಯವರ ಮಿಶಿನ್ನಿಗೆ ಬೆರಳಿಟ್ಟು ದುಡ್ಡು ತೆಗೀತಾರಲ್ಲ, ಅದಕ್ಕೆ ಬೇಕಾಗೋದು ಆಧಾರ್ ನಂಬರ್, ಬ್ಯಾಂಕ್ ಹೆಸರು, ಬೆರಳಚ್ಚು, ಮೂರೇ. ಒಟಿಪಿ ಕೇಳಲ್ಲ. ಅದರಲ್ಲಿ ಎರಡನ್ನ ನಾವೇ ಸಾಲಾಗಿ ಬರೆದಿಡ್ತಿದೀವಿ. ಏನಿದೆ ಅಂತೀರಲ್ಲ, ಅಜ್ಜಿಯ ಪೆನ್ಶನ್ ಇದೆ.

ಚಿಕ್ಕಪ್ಪ: ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಆಧಾರ್ ಕೊಡಿ ಅಂತ 2022ರಲ್ಲಿ ಬೆಂಗಳೂರಿನ ಆಧಾರ್ ಕಚೇರಿಯವರೇ ಹೇಳಿ, ಎರಡು ದಿನಕ್ಕೆ ವಾಪಸ್ ತಗೊಂಡ್ರು. ಪೇಪರಲ್ಲಿ ಬಂದಿತ್ತು.

ನಾನು: ವಾಪಸ್ ತಗೊಂಡಿದ್ದು ಆ ಪ್ರಕಟಣೆನ. ನೀವು ಹೇಳಿದ ಆ ನಾಲ್ಕಂಕಿಯ ‘ಮಾಸ್ಕ್ಡ್’ ಆಧಾರ್ ಈಗಲೂ ಡೌನ್‌ಲೋಡ್ ಆಗುತ್ತೆ, ಬೆರಳಚ್ಚನ್ನ ಲಾಕ್ ಮಾಡಿಡೋಕೂ ಆಗುತ್ತೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜನ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ರಲ್ಲ, ಅದರಲ್ಲಿ ಅರ್ಜಿದಾರರು ಯಾರು? ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರನ್ನೇ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು.

ಅಣ್ಣ: ಜನರ ಡೇಟಾ ಬಾಚ್ಕೊಳ್ಳೋದು ನಿಮ್ಮ ಸಾಫ್ಟ್‌ವೇರ್ ಕಂಪನಿಗಳೇ. ಇಲ್ಲಿ ದೊಡ್ಡಪ್ಪಂಗೆ ಪಾಠನಾ?

ನಾನು: ಅದಕ್ಕೇ ಹೇಳ್ತಿರೋದು ಅಣ್ಣ. ದಿನಾ ಫಾರಂ ಕೋಡ್ ಮಾಡೋಳು ನಾನು. ‘ಇದೂ ಒಂದಿರಲಿ, ಮುಂದೆ ಬೇಕಾಗಬಹುದು’ ಅಂತ ಒಂದು ಕಾಲಂ ಸೇರಿಸ್ತಾರೆ. ಆಮೇಲೆ ಅದನ್ನ ಯಾರೂ ಬಳಸಲ್ಲ, ತೆಗೆಯೋದೂ ಇಲ್ಲ. ಬೇಡ ಅಂತ ಮೀಟಿಂಗಲ್ಲಿ ವಾದ ಮಾಡ್ತೀನಿ, ಎಷ್ಟೋ ಸಲ ಸೋಲ್ತೀನಿ. ಮನೇಲಾದ್ರೂ ಈ ಮಾತು ನಡೀಲಿ. ರೈಲು ಟಿಕೆಟ್ಟಿಗೆ ಹೆಸರು, ವಯಸ್ಸು, ಗಂಡೋ ಹೆಣ್ಣೋ ಇಷ್ಟು ಸಾಕು. ಗುರುತಿನ ಚೀಟಿ ಅವರವರ ಜೇಬಲ್ಲಿರಲಿ.

ಸೋದರತ್ತೆ: ಅಣ್ಣಾ, ನಾನು ಹುಟ್ಟಿದ ವರ್ಷ 1956 ಅಂತ ಬರೆದಿದ್ದೆ. ಈಗ 1965 ಅಂತಿದೆ. ಯಾರು ತಿದ್ದಿದ್ದು?

ದೊಡ್ಡಪ್ಪ: ನಾನಲ್ಲ.

ನಾನು: ಶೀಟಿನ ಹಿಸ್ಟರಿ, ಅಂದ್ರೆ ಯಾರು ಏನು ತಿದ್ದಿದ್ರು ಅನ್ನೋ ದಾಖಲೆ, ತೆಗೆದು ನೋಡಿದೆ ಅತ್ತೆ. ಅಲ್ಲೂ ‘ಅನಾನಿಮಸ್’ ಅಂತಷ್ಟೇ ಇದೆ.

ದೊಡ್ಡಪ್ಪ: ಒಂದು ವಾರ ಕೂತು ಮಾಡಿದ್ದೆ. ಇರಲಿ. ಆಧಾರ್, ಬ್ಯಾಂಕು ಎರಡೂ ಕಾಲಂ ಅಳಿಸ್ತೇನೆ.

ನಾನು: ಅಳಿಸಿದ್ರೆ ಸಾಲದು ದೊಡ್ಡಪ್ಪ. ಅದೇ ಹಿಸ್ಟರಿಯಲ್ಲಿ ಹಳೇದೆಲ್ಲ ಹಾಗೇ ಇರುತ್ತೆ, ತಿದ್ದೋ ಅನುಮತಿ ಇರೋರು ತೆರೆದು ನೋಡಬಹುದು. ಉಳಿದ ಮೂರು ಕಾಲಂ ಮಾತ್ರ ಹೊಸ ಶೀಟಿಗೆ ಅಂಟಿಸಿ, ಶೇರ್ ಒತ್ತಿ ‘ರಿಸ್ಟ್ರಿಕ್ಟೆಡ್’ ಮಾಡಿ, ಆಗ ನೀವು ಸೇರಿಸಿದವರಿಗೆ ಮಾತ್ರ ತೆರೆಯುತ್ತೆ. ಹಳೇ ಶೀಟನ್ನ ಡಿಲೀಟ್ ಮಾಡಿ ಟ್ರ್ಯಾಶ್‌ನಿಂದಲೂ ತೆಗೀಬೇಕು. ಸಂಜೆ ಫೋನ್ ಮಾಡ್ತೀನಿ, ಇಬ್ಬರೂ ಸೇರಿ ಮಾಡೋಣ. ನೀವು ಪಟ್ಟ ಶ್ರಮ ಹಾಳಾಗೋಕೆ ಬಿಡಲ್ಲ.

ಚಿಕ್ಕಪ್ಪ: ನಂಗೇನೋ ಇದು ಅತಿಯಾಯ್ತು ಅನ್ಸುತ್ತೆ. ಲಾಡ್ಜಿನವನು ಪೂರ್ತಿ ಆಧಾರ್ ಕೇಳಿದ್ರೆ ನೀನೇ ಮಾತಾಡಬೇಕು.

ನಾನು: ಮಾತಾಡ್ತೀನಿ ಚಿಕ್ಕಪ್ಪ. ನಾನೂ ಬರ್ತಿದೀನಲ್ಲ.

ಚಿಕ್ಕಮ್ಮ: ಪುಟ್ಟಿ, ಅವಸರದಲ್ಲಿ ‘ನನಗೆ ಮಾತ್ರ’ ಅಂತ ಒತ್ತಿಬಿಟ್ಟೆ. ನನ್ನ ಫೋನಲ್ಲಿ ಫೋಟೋ ಹೋಯ್ತು. ನಿಮಗೆಲ್ಲ ಕಾಣ್ತಿದೆಯಾ?

ನಾನು: ಕಾಣ್ತಿದೆ ಚಿಕ್ಕಮ್ಮ. ದೊಡ್ಡಪ್ಪ, ಅಡ್ಮಿನ್ ನೀವೇ ಅಲ್ವಾ? ಆ ಫೋಟೋ ಒತ್ತಿ ಹಿಡೀರಿ, ಡಿಲೀಟ್ ಅಂತ ಬರುತ್ತೆ. ಅಡ್ಮಿನ್ ತೆಗೆದ್ರೆ ಎಲ್ಲರ ಫೋನಲ್ಲೂ ಹೋಗುತ್ತೆ. ಉಳಿದವರು ಒಂದ್ಸಲ ನಿಮ್ಮ ನಿಮ್ಮ ಗ್ಯಾಲರಿ ನೋಡಿ, ಇಳಿದಿದ್ರೆ ಅಳಿಸಿ.